ತೋಳಿನ ಮೇಲಿನ ದದ್ದು ಹೇಳುವುದೇನು?

ಬಳ್ಳಾರಿ ನಗರದ ಧೂಳು, ಸಿರುಗುಪ್ಪದ ಭತ್ತದ ಗಿರಣಿಗಳ ಹೊಟ್ಟು, ಕುರುಗೋಡು ಸೀಮೆಯ ಕಣಗಳಲ್ಲಿ ಒಣಗುವ ಮೆಣಸಿನಕಾಯಿಯ ಘಾಟು - ಇವುಗಳ ನಡುವೆ ಬಾಳುವ ನಮ್ಮ ಮನೆಗಳಿಗೆ ಸೀನು, ಉಬ್ಬಸ, ಮೈತುರಿಕೆಗಳು ಹೊಸವಲ್ಲ. ಇವುಗಳ ಮೂಲವನ್ನು ಅರಿಯಲು ವೈದ್ಯರು ಅಲರ್ಜಿಯ ಚರ್ಮಪರೀಕ್ಷೆಯನ್ನು ಸೂಚಿಸುವುದುಂಟು. ಅದರ ಫಲಿತಾಂಶದ ಚೀಟಿ ಕೈಗೆ ಬಂದೊಡನೆ ತೊಗರಿ ಬೇಡ, ಶೇಂಗಾ ಬೇಡ, ಹಾಲು ಬೇಡವೆಂದು ಬೆಳೆಯುವ ಮಗುವಿನ ತಟ್ಟೆಯನ್ನೇ ಬರಿದು ಮಾಡುವ ತಾಯಂದಿರಿದ್ದಾರೆ. ಆದುದರಿಂದ ಆ ಚೀಟಿಯನ್ನು ಓದುವ ಬಗೆಯನ್ನು ತಿಳಿದಿರುವುದು ಅವಶ್ಯ.

ಪರೀಕ್ಷೆಯ ಕ್ರಮ ಸರಳವಾದುದು. ಮುಂದೋಳಿನ ಮೇಲೆ ಧೂಳು, ಪರಾಗ, ಆಹಾರ ಪದಾರ್ಥಗಳ ಸಾರದ ಹನಿಗಳನ್ನಿಟ್ಟು, ಚರ್ಮವನ್ನು ಮೆಲ್ಲನೆ ಚುಚ್ಚುತ್ತಾರೆ. 15ರಿಂದ 20 ನಿಮಿಷಗಳ ತರುವಾಯ ಎದ್ದ ದದ್ದುಗಳನ್ನು ಅಳೆಯುತ್ತಾರೆ. ಇವುಗಳ ಜೊತೆಗೆ ಎರಡು ಸಾಕ್ಷಿ ಹನಿಗಳಿರುತ್ತವೆ. ಒಂದು ಹಿಸ್ಟಮಿನ್, ಇದಕ್ಕೆ ದದ್ದು ಏಳಲೇಬೇಕು. ಇನ್ನೊಂದು ಲವಣದ್ರಾವಣ, ಇದಕ್ಕೆ ಏಳಬಾರದು. ಲವಣದ್ರಾವಣದ ಗುರುತಿಗಿಂತ 3 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ದೊಡ್ಡದಾದ ದದ್ದನ್ನು ಸಾಮಾನ್ಯವಾಗಿ ಧನಾತ್ಮಕವೆಂದು ಎಣಿಸುತ್ತಾರೆ.

ಫಲಿತಾಂಶವು ವಿಚಿತ್ರವಾಗಿ ಕಂಡಾಗ ಮೊದಲು ಈ ಎರಡು ಸಾಕ್ಷಿಗಳನ್ನು ವಿಚಾರಿಸಬೇಕು. ಹಿಸ್ಟಮಿನ್‌ಗೇ ದದ್ದು ಏಳದಿದ್ದರೆ ‘ಯಾವುದಕ್ಕೂ ಅಲರ್ಜಿಯಿಲ್ಲ’ ಎಂದು ಹಿಗ್ಗುವಂತಿಲ್ಲ. ಆ ಪರೀಕ್ಷೆಯನ್ನು ನಂಬುವಂತಿಲ್ಲವೆಂದೇ ಅರ್ಥ. ಲವಣದ್ರಾವಣಕ್ಕೂ ದದ್ದು ಎದ್ದಿದ್ದರೆ, ಉಗುರು ಗೀರಿದರೂ ಉಬ್ಬುವ ಚರ್ಮ ಅದಾಗಿರಬಹುದು. ಅಂಥವರಲ್ಲಿ ಎಲ್ಲ ಹನಿಗಳೂ ಧನಾತ್ಮಕವಾಗಿ ತೋರುತ್ತವೆ.

ಚರ್ಮವನ್ನು ಮೌನವಾಗಿಸುವುದು ಹೆಚ್ಚಾಗಿ ನಾವು ನುಂಗಿದ ಮಾತ್ರೆ. ಸೆಟ್ರಿಜಿನ್, ನೆಗಡಿಯ ಮಾತ್ರೆ, ಕೆಲವು ಕೆಮ್ಮಿನ ಔಷಧಿಗಳು ಹಿಸ್ಟಮಿನ್ ಕ್ರಿಯೆಯನ್ನು ತಡೆಯುತ್ತವೆ. ಸೆಟ್ರಿಜಿನ್‌ನಂತಹವುಗಳನ್ನು ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಗೂ ಈ ಗುಣವಿದೆ. ಆದರೆ ಅವುಗಳನ್ನಾಗಲಿ, ಉಬ್ಬಸದ ಇನ್‌ಹೇಲರನ್ನಾಗಲಿ ಸ್ವಂತ ಬುದ್ಧಿಯಿಂದ ನಿಲ್ಲಿಸಕೂಡದು.

ಹಾಗಾದರೆ ಜೀವಸತ್ವದ ಗುಳಿಗೆ, ಗಿಡಮೂಲಿಕೆಯ ಪುಡಿಗಳ ಗತಿಯೇನು? 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜನಬಳಕೆಯ 23 ಗಿಡಮೂಲಿಕೆ ಪೂರಕಗಳು ಹಿಸ್ಟಮಿನ್ ದದ್ದನ್ನು ಗಣನೀಯವಾಗಿ ಕುಗ್ಗಿಸಲಿಲ್ಲ. ಹೀಗಾಗಿ ಎಲ್ಲ ದೋಷವನ್ನೂ ಅವುಗಳ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಸಂತೆಯಲ್ಲಿ ದೊರೆಯುವ, ಹೆಸರಿಲ್ಲದ ಉಬ್ಬಸದ ಪೊಟ್ಟಣಗಳ ಮಾತು ಬೇರೆ. ಅವುಗಳಲ್ಲಿ ಏನು ಬೆರೆತಿದೆಯೆಂದು ತಿಳಿಯುವ ಬಗೆಯಿಲ್ಲ. ಅಂಥ ಪೊಟ್ಟಣವನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸುವುದೇ ಲೇಸು.

ಇನ್ನೊಂದು ವಿಚಿತ್ರವು ನಮ್ಮ ಊರಿನ ಹೆಸರನ್ನೇ ಹೊತ್ತ ಗಿಡಕ್ಕೆ ಸಂಬಂಧಿಸಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಬಳ್ಳಾರಿ ಜಾಲಿಯ ಪರಾಗವು ಅಲರ್ಜಿಕಾರಕ. ಜಾಲಿಯೂ ದ್ವಿದಳ ಧಾನ್ಯಗಳೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಈ ಪರಾಗಕ್ಕೂ ಡಬಲ್ ಬೀನ್ಸ್ ಕಾಳಿಗೂ ಸಮಾನವಾದ ಪ್ರೋಟೀನ್ ಅಂಶಗಳಿರುವುದನ್ನು ದೆಹಲಿಯ ವಿಜ್ಞಾನಿಗಳು 2007ರಲ್ಲಿ ತೋರಿಸಿದ್ದಾರೆ. ಆದುದರಿಂದ ಕಾಳನ್ನು ತಿಂದು ಎಂದೂ ತೊಂದರೆಪಡದವರ ತೋಳಿನಲ್ಲಿಯೂ ಕಾಳಿನ ಹನಿಗೆ ದದ್ದು ಏಳಬಹುದು. ದದ್ದು ಎಂದರೆ ದೇಹವು ಆ ವಸ್ತುವನ್ನು ಗುರುತಿಸಿದೆ ಎಂದಷ್ಟೇ ಅರ್ಥ, ರೋಗವಿದೆಯೆಂದಲ್ಲ.

ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಶರಣ ಸಂಪ್ರದಾಯದವರು ನಾವು. ಒಂದು ಗುರುತನ್ನು ಕಂಡು ಮಗುವಿಗೆ ಬೇಳೆ-ಹಾಲುಗಳನ್ನು ತಪ್ಪಿಸಿದರೆ, ಇಲ್ಲದ ರೋಗಕ್ಕೆ ಅಂಜಿ ಅಪೌಷ್ಟಿಕತೆಯನ್ನು ಮನೆಗೆ ಕರೆದಂತಾಗುತ್ತದೆ. ಆದರೆ ಯಾವುದಾದರೂ ಪದಾರ್ಥವನ್ನು ತಿಂದೊಡನೆ ತುಟಿ ಊದಿ, ಮೈತುಂಬ ದದ್ದೆದ್ದು, ಉಸಿರು ಕಟ್ಟಿದ್ದರೆ ಅದನ್ನು ಮತ್ತೆ ಮನೆಯಲ್ಲಿ ತಿನ್ನಿಸಿ ನೋಡಕೂಡದು. ಚೀಟಿ ಏನೇ ಹೇಳಲಿ, ಅದನ್ನು ದೂರವಿಟ್ಟು ವೈದ್ಯರನ್ನು ಕಾಣಬೇಕು.

ಪರೀಕ್ಷೆಗೆ ಹೋಗುವ ಮುನ್ನ ತಾಯಂದಿರು ಒಂದು ಹಾಳೆಯಲ್ಲಿ ಎರಡು ಪಟ್ಟಿಗಳನ್ನು ಬರೆದುಕೊಳ್ಳಲಿ. ಕಳೆದ ಒಂದು ತಿಂಗಳಲ್ಲಿ ಸೇವಿಸಿದ ಮಾತ್ರೆ, ಪುಡಿ, ಲೇಹ್ಯಗಳ ಹೆಸರು ಒಂದರಲ್ಲಿ. ಏನನ್ನು ತಿಂದಾಗ, ಎಲ್ಲಿಗೆ ಹೋದಾಗ ತೊಂದರೆಯಾಯಿತೆಂಬುದು ಇನ್ನೊಂದರಲ್ಲಿ. ವೈದ್ಯರು ತೋಳಿನ ಗುರುತುಗಳನ್ನು ಸರಿಯಾಗಿ ಓದಬೇಕಾದರೆ ಆ ಹಾಳೆಯೂ ಅವರ ಮುಂದಿರಬೇಕು.