ಸ್ವಂತ ಮನೆಯ ಮಾಸಿಕ ವೆಚ್ಚ

ಸ್ವಂತ ಮನೆಯನ್ನು ಮಾಡಿಕೊಂಡವನಿಗೆ ಬಾಡಿಗೆಯ ಚಿಂತೆ ತಪ್ಪಿತೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ನಂಬಿಕೆ. ಮನೆ ಕಟ್ಟಿ ನೋಡು ಎಂಬ ಗಾದೆಯಾದರೂ ಕಟ್ಟುವವರೆಗಿನ ಕಷ್ಟವನ್ನು ಮಾತ್ರ ಹೇಳುತ್ತದೆ. ಕಟ್ಟಿದ ಮೇಲೆ ಅದನ್ನು ತಿಂಗಳು ತಿಂಗಳೂ ನಡೆಯಿಸಿಕೊಂಡು ಹೋಗುವ ಕಷ್ಟದ ವಿಷಯದಲ್ಲಿ ಅದು ಮೌನವಾಗಿದೆ. ಬೆಂಗಳೂರಿನ ಹೊರವಲಯದಲ್ಲಿ, ಮುಖ್ಯವಾಗಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದ ಸುತ್ತ ಮನೆ ಕೊಂಡ ಸಹಸ್ರಾರು ಕುಟುಂಬಗಳು ಇಂದು ಈ ಎರಡನೆಯ ಕಷ್ಟವನ್ನು ಅನುಭವಿಸುತ್ತಿವೆ. ಸಂಬಳ ಬಂದ ಹತ್ತು ದಿನಗಳಲ್ಲಿಯೇ ಕೈ ಬರಿದಾಗುವುದು ಕೇವಲ ದುಂದುವೆಚ್ಚದ ಫಲವೆಂದು ಹೇಳಿಬಿಡುವುದು ಸುಲಭ; ಆದರೆ ಅದು ನ್ಯಾಯವಲ್ಲ.

ಈ ಪ್ರದೇಶಗಳ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡಬೇಕು. ವೈಟ್‌ಫೀಲ್ಡ್ 1880ರ ದಶಕದಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿಗ್ರಾಮವಾಗಿ ಹುಟ್ಟಿತು. ಪೀಣ್ಯದ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ಬೆಳೆಯಿತು. ಕಿಯೋನಿಕ್ಸ್ ಸಂಸ್ಥೆಯ ಶ್ರೀ ಆರ್. ಕೆ. ಬಾಳಿಗರ ಸಂಕಲ್ಪದಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಸ್ಥಾಪಿತವಾಯಿತು. ಈ ಕಡೆಗಳಲ್ಲೆಲ್ಲ ಉದ್ಯೋಗವು ಮೊದಲು ಬಂದಿತು, ಮನೆಗಳು ಅದರ ಹಿಂದೆ ಬಂದುವು, ನೀರಿನ ಕೊಳವೆಯೂ ಒಳಚರಂಡಿಯೂ ಕಟ್ಟಕಡೆಗೆ ಬಂದುವು. 2007ರಲ್ಲಿ 7 ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಗ್ರಾಮಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಆ 110 ಗ್ರಾಮಗಳಿಗೆಂದು ನಿಯಮಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್ 16ರಂದು. ನಗರವೆಂದು ಹೆಸರಿಟ್ಟ ದಿನಕ್ಕೂ ನಗರದ ನೀರು ಹೊರಟ ದಿನಕ್ಕೂ ನಡುವೆ ಹದಿನೇಳು ವರ್ಷಗಳು ಕಳೆದುಹೋದುವು.

ಆ ಹದಿನೇಳು ವರ್ಷ ಗೃಹಸ್ಥನು ಏನು ಮಾಡಿದನು? ತನ್ನ ಮನೆಗೆ ತಾನೇ ಪುರಸಭೆಯಾದನು. ಕೊಳವೆಬಾವಿ ತೋಡಿಸಿದನು, ಟ್ಯಾಂಕರ್ ತರಿಸಿದನು. ವಿದ್ಯುತ್ತು ನಿಂತಾಗ ಡೀಸೆಲ್ ಯಂತ್ರವನ್ನು ನಡೆಯಿಸಿದನು. ದೊಡ್ಡ ವಸತಿಸಮುಚ್ಚಯಗಳಲ್ಲಿ ಕೊಳಚೆನೀರಿನ ಶುದ್ಧೀಕರಣವನ್ನೂ ನಿವಾಸಿಗಳೇ ವಹಿಸಿಕೊಂಡರು. ನಗರದ ನಡುಭಾಗದಲ್ಲಿ ಸಾರ್ವಜನಿಕ ಸಂಸ್ಥೆಯು ಹೊರುವ ಭಾರವು ಹೊರವಲಯದಲ್ಲಿ ಮನೆಯ ಲೆಕ್ಕದ ಪುಸ್ತಕಕ್ಕೆ ಸೇರಿತು. ಈ ಸಂಗತಿಯನ್ನು ಗ್ರಹಿಸದೆ ಇಲ್ಲಿನ ಮಾಸಿಕ ವೆಚ್ಚದ ವಿಚಾರ ಮಾಡುವುದು ವ್ಯರ್ಥ.

ನೀರೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಸುಮಾರು 16,000 ಲೀಟರು ಬೇಕು. ಜಲಮಂಡಲಿಯು 2014ರಲ್ಲಿ ಗೊತ್ತುಮಾಡಿದ ಗೃಹಬಳಕೆಯ ದರವು ಮೊದಲ 8,000 ಲೀಟರಿಗೆ, ಸಾವಿರಕ್ಕೆ 7 ರೂಪಾಯಿ. ಅದರ ಮೇಲೆ ಸಾವಿರಕ್ಕೆ 11 ರೂಪಾಯಿ. 2025ರ ಏಪ್ರಿಲಿನಲ್ಲಿ ದರವನ್ನು ಏರಿಸಿದ ಮೇಲೆಯೂ ಇಷ್ಟು ನೀರಿಗೆ ಇತರ ಶುಲ್ಕಗಳನ್ನು ಬಿಟ್ಟರೆ ಇನ್ನೂರು ರೂಪಾಯಿಯೊಳಗೆ ತೀರುತ್ತಿತ್ತು. ಟ್ಯಾಂಕರಿನ ಮಾತೇ ಬೇರೆ. 2024ರ ಮಾರ್ಚಿಯ ಕ್ಷಾಮಸಮಯದಲ್ಲಿ ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿನದಕ್ಕೆ 1,000 ರೂಪಾಯಿ ಎಂದು ಮಿತಿ ಹಾಕಿತು, ತೆರಿಗೆ ಬೇರೆ. ಆ ಮಿತಿಯ ದರದಲ್ಲಿಯೇ ಲೆಕ್ಕ ಹಾಕಿದರೂ ಅದೇ 16,000 ಲೀಟರಿಗೆ ಸುಮಾರು 1,600 ರೂಪಾಯಿ ಆಗುತ್ತದೆ. ಎಂದರೆ ಎಂಟು ಪಟ್ಟು! ಸೌಕರ್ಯ ಕಡಿಮೆಯಿರುವ ಕಡೆ ವಾಸಿಸುವವನೇ ಹೆಚ್ಚು ಬೆಲೆ ತೆರಬೇಕಾದ ಈ ವಿಪರೀತಕ್ಕೆ ಗೃಹಸ್ಥನು ಕಾರಣನಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ನೋಡಬಹುದು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಪಿಂಚಣಿಯ ಬಾಬ್ತು 36 ಪೈಸೆ, ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಮೂರು ಕಿಲೋವ್ಯಾಟಿನ ಮನೆಯವರು 150 ಯೂನಿಟ್ ಬಳಸಿದರೆ ತೆರಿಗೆ ಬಿಟ್ಟು 1,359 ರೂಪಾಯಿ ಆಗುತ್ತದೆ. ಅದರಲ್ಲಿ 435 ರೂಪಾಯಿ ಒಂದೂ ದೀಪ ಹೊತ್ತಿಸದಿದ್ದರೂ ತಪ್ಪದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಿಗೆ ಈ ಮೊತ್ತ ಉಳಿದಿರುವುದು ನಿಜ. ಆದರೆ 200 ಯೂನಿಟ್ಟಿನ ಮೇರೆಯನ್ನು ದಾಟಿದ ತಿಂಗಳು ಪೂರ್ಣ ಬಿಲ್ಲನ್ನು ಕೊಡಬೇಕು. ಸಮುಚ್ಚಯದ ಲಿಫ್ಟು, ಪಂಪು, ದಾರಿದೀಪಗಳ ವಿದ್ಯುತ್ತಿಗೆ ಈ ರಿಯಾಯಿತಿಯು ಅನ್ವಯಿಸದು. ಬೇಸಗೆಯ ಒಂದು ಬಿಲ್ಲಿಗೆ ಮುಂಚಿತವಾಗಿ ಹಣವಿರಿಸದ ಮನೆಯವರು ಶೂನ್ಯದ ಬಿಲ್ಲನ್ನು ನೆಚ್ಚಿ ಕೂಡಬಾರದು.

ಹಾಗಾದರೆ ಮಾಡತಕ್ಕದ್ದೇನು? ಮನೆಯು ಪುರಸಭೆಯ ಕೆಲಸವನ್ನು ಮಾಡುವುದಾದರೆ ಪುರಸಭೆಯಂತೆಯೇ ಆಯವ್ಯಯದ ಅಂದಾಜನ್ನೂ ಇಡಬೇಕು. ನಮ್ಮ ಅಭಿಪ್ರಾಯದಲ್ಲಿ ವೆಚ್ಚವನ್ನು ಮೂರು ಬಾಬುಗಳಾಗಿ ವಿಂಗಡಿಸುವುದು ಅವಶ್ಯ. ಸಾಲದ ಕಂತು, ನೀರು, ವಿದ್ಯುತ್ತು, ಅಡಿಗೆಯ ಅನಿಲ, ನಿರ್ವಹಣಾಶುಲ್ಕ, ಪ್ರಯಾಣ ಇವು ಮೊದಲನೆಯ, ತಿಂಗಳಿನ ಬಾಬು. ಕಟ್ಟಡದ ತೆರಿಗೆ, ವಿಮೆ, ತೊಟ್ಟಿಯ ಶುದ್ಧಿ, ಪಂಪಿನ ದುರಸ್ತಿ ಇವು ಎರಡನೆಯ, ವರ್ಷದ ಬಾಬು. 2025ರ ಏಪ್ರಿಲಿನಿಂದ ಕಸದ ಶುಲ್ಕವೂ ಈ ತೆರಿಗೆಯ ಜತೆಗೂಡಿತು. 1,001ರಿಂದ 2,000 ಚದರಡಿಯ ಮನೆಗೆ ಅದು ತಿಂಗಳಿಗೆ 100 ರೂಪಾಯಿ, ವರ್ಷಕ್ಕೆ 1,200. ಈ ಬಾಬನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ಎತ್ತಿಡುವವನು ಏಪ್ರಿಲಿನಲ್ಲಿ ಸಾಲ ಹುಡುಕುವುದಿಲ್ಲ.

ಬಹುಮಂದಿ ಮರೆಯುವುದು ಮೂರನೆಯ ಬಾಬನ್ನು. ಬಣ್ಣ, ಲಿಫ್ಟು, ಕೊಳವೆ, ಛಾವಣಿ ಇವು ಹಲವು ವರ್ಷಗಳಿಗೊಮ್ಮೆ ಬರುವ, ಆದರೆ ಬಂದೇ ಬರುವ ವೆಚ್ಚಗಳು. ನೂರು ಮನೆಗಳ ಒಂದು ಸಮುಚ್ಚಯದಲ್ಲಿ ಏಳು ವರ್ಷಗಳ ಅನಂತರ 84 ಲಕ್ಷ ರೂಪಾಯಿಯ ಕೆಲಸ ಬರುವುದೆಂದು ಭಾವಿಸೋಣ. ಇಂದಿನಿಂದಲೇ ಕೂಡಿಟ್ಟರೆ ಮನೆಯೊಂದಕ್ಕೆ ತಿಂಗಳಿಗೆ 1,000 ರೂಪಾಯಿ. ಕೂಡಿಡದಿದ್ದರೆ ಅಂದು ಒಮ್ಮೆಲೇ 84,000 ರೂಪಾಯಿ. ಸಂಘದ ವಾರ್ಷಿಕ ಸಭೆಗಳಲ್ಲಿ ಶುಲ್ಕವನ್ನು ಏರಿಸಕೂಡದೆಂದು ಕೈಯೆತ್ತುವವರು ವೆಚ್ಚವನ್ನು ತಪ್ಪಿಸಿದಂತಾಗಲಿಲ್ಲ, ಅದನ್ನು ಮುಂದೂಡಿದಂತಾಯಿತು. ಅದರ ಪೆಟ್ಟು ಬೀಳುವುದು ಅಷ್ಟರಲ್ಲಿ ನಿವೃತ್ತರಾಗಿರುವ ಹಿರಿಯರ ಮೇಲೆ. ತಿಂಗಳ ಶುಲ್ಕವು 7,500 ರೂಪಾಯಿಯನ್ನು ಮೀರಿ ಸಂಘದ ವರ್ಷದ ವಹಿವಾಟು 20 ಲಕ್ಷವನ್ನು ಮೀರಿದರೆ ಶೇಕಡಾ 18ರ ತೆರಿಗೆಯ ಪ್ರಶ್ನೆಯೂ ಏಳುವುದರಿಂದ, ಇಂಥ ನಿರ್ಣಯಗಳನ್ನು ಲೆಕ್ಕ ತಿಳಿದವರ ಸಲಹೆಯಿಲ್ಲದೆ ಕೈಗೊಳ್ಳಕೂಡದು.

ಸಾಲದ ಕಂತಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. 50 ಲಕ್ಷದ ಇಪ್ಪತ್ತು ವರ್ಷದ ಸಾಲಕ್ಕೆ ಶೇಕಡಾ 7ರ ಬಡ್ಡಿಯಲ್ಲಿ ಕಂತು ಸುಮಾರು 38,800 ರೂಪಾಯಿ. ಶೇಕಡಾ 9ರಲ್ಲಿ ಸುಮಾರು 45,000. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೋ ದರವು ಶೇಕಡಾ 4ರಿಂದ 6.5ಕ್ಕೆ ಏರಿತು, 2025ರಲ್ಲಿ ಮತ್ತೆ ಇಳಿಯಿತು. ಇಳಿದಾಗ ಉಳಿದ ಹಣವನ್ನು ಏರುವ ಕಾಲಕ್ಕೆ ಕಾದಿರಿಸುವುದು ವಿವೇಕ. ಉದ್ಯೋಗವು ಅಕಸ್ಮಾತ್ ಕೈತಪ್ಪಿದರೂ ಕಂತು, ನಿಗದಿತ ಶುಲ್ಕ, ನಿರ್ವಹಣಾವೆಚ್ಚಗಳು ನಿಲ್ಲವು. ಸಾಫ್ಟ್‌ವೇರ್ ಸಂಸ್ಥೆಯ ನೌಕರನಾಗಲಿ ಪೀಣ್ಯದ ಯಂತ್ರಶಾಲೆಯ ಕುಶಲಕರ್ಮಿಯಾಗಲಿ ಆರು ತಿಂಗಳ ಇಂಥ ವೆಚ್ಚವನ್ನು ಬೇರೆಯಾಗಿ ಇಟ್ಟುಕೊಳ್ಳದೆ ಎರಡನೆಯ ಸಾಲಕ್ಕೆ ಕೈಹಾಕಬಾರದು.

ಮಿತವ್ಯಯಕ್ಕೆ ಮಳೆಯ ಸಹಾಯವೂ ಉಂಟು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿಲಿಮೀಟರು. 1,200 ಚದರಡಿಯ ಛಾವಣಿಯ ಮೇಲೆ ಅದು ಲಕ್ಷ ಲೀಟರಿಗೂ ಮೇಲಾಗುತ್ತದೆ. ಅರ್ಧವನ್ನು ಹಿಡಿದರೂ 6,000 ಲೀಟರಿನ ಎಂಟು ಟ್ಯಾಂಕರು ಉಳಿದಂತೆ. 2009ರ ಕಾನೂನು ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿದ್ದರೂ ದಂಡದ ಭಯದಿಂದಲ್ಲದೆ ಲಾಭದ ದೃಷ್ಟಿಯಿಂದಲೇ ಜನರು ಇದನ್ನು ಕೈಗೊಳ್ಳಬೇಕು.

ಆದರೆ ಗೃಹಸ್ಥನ ಜಾಗರೂಕತೆಯು ಆಡಳಿತದ ಹೊಣೆಯನ್ನು ಕಳೆಯಲಾರದು. ಐದನೆಯ ಹಂತದಲ್ಲಿ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು ನೀರನ್ನು ಉದ್ದೇಶಿಸಲಾಗಿದೆ. ದೂರದ ತೊರೆಕಾಡನಹಳ್ಳಿಯಿಂದ ಎತ್ತಿ ತಂದ ಆ ನೀರು ವರ್ತೂರು, ಗುಂಜೂರುಗಳಂಥ ಹಳ್ಳಿಗಳ ಕೊನೆಯ ಮನೆಯ ನಲ್ಲಿಯಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬರಬೇಕು. ಇಲ್ಲವಾದರೆ ಗೃಹಸ್ಥನು ನಲ್ಲಿಯ ಶುಲ್ಕವನ್ನೂ ಟ್ಯಾಂಕರಿನ ಬೆಲೆಯನ್ನೂ ಎರಡನ್ನೂ ತೆರುವಂತಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಮಹಾನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದ್ದು ಆಡಳಿತವು ಜನರಿಗೆ ಸಮೀಪವಾಗಲೆಂದು. ಆ ಸಾಮೀಪ್ಯವು ನಾಮಫಲಕದಲ್ಲಿ ನಿಲ್ಲದೆ ಗೃಹಿಣಿಯ ಲೆಕ್ಕದ ಪುಸ್ತಕದಲ್ಲಿ ಕಾಣಬೇಕು. ಯಾವ ಬಡಾವಣೆಗೆ ಎಷ್ಟು ನೀರು, ಯಾವ ದಿನ ಎಂಬ ಪಟ್ಟಿಯನ್ನು ಅಧಿಕಾರಿಗಳು ಪ್ರಕಟಿಸಲಿ. ತಮ್ಮ ಮನೆಯ ಮೂರು ಬಾಬುಗಳನ್ನು ಬರೆದಿಟ್ಟ ನಾಗರಿಕರು ಅದನ್ನು ಮುಂದಿಟ್ಟುಕೊಂಡು ಉತ್ತರವನ್ನು ಕೇಳಲಿ. ತೆರಿಗೆಯನ್ನು ತಪ್ಪದೆ ಸಲ್ಲಿಸಿದವನಿಗೆ ಹಾಗೆ ಕೇಳುವ ಅಧಿಕಾರವಿದೆ.