ಸದ್ದಿಲ್ಲದ ಜನರೇಟರ್ ಅನ್ನೋದು ಇದೆಯಾ?

"ಕ್ಯಾಂಪಿಂಗ್‌ಗೆ ಒಯ್ಯೋಕೆ ಸದ್ದು ಮಾಡದ ಸಣ್ಣ ಜನರೇಟರ್ ಯಾವುದು ತಗೋಬೇಕು?" ಗುಂಡ್ಲುಪೇಟೆ ಕಡೆಗೆ ವೀಕೆಂಡ್ ಟ್ರಿಪ್ ಹಾಕೋ ಗೆಳೆಯರ ಮಾಮೂಲಿ ಪ್ರಶ್ನೆ ಇದು. ನಾನು ಮಾಡೋದು ಸಾಫ್ಟ್‌ವೇರ್ ಕೆಲಸ ಅಂದ್ರೂ ಬಿಡೋದಿಲ್ಲ, "ಇಂಜಿನಿಯರ್ ಅಲ್ವೇನೋ, ಹೇಳೋ" ಅಂತಾರೆ :-) ಒಂದು ಕಂಪನಿ ಹೆಸರು ಹೇಳಿ ಕೈ ತೊಳ್ಕೊಳೋದು ಸುಲಭ. ಆದ್ರೆ ನನ್ನ ಪ್ರಕಾರ ಆ ಜಾಗಕ್ಕೆ ಜನರೇಟರೇ ಬೇಡ. ಯಾಕೆ ಅಂತ ಲೆಕ್ಕ ಸಮೇತ ಬರೀತಿದ್ದೀನಿ. ಒಪ್ಪದವರು ಜಗಳಕ್ಕೆ ಬನ್ನಿ.

ಮೊದಲು ಜಾಗದ ವಿಷಯ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಒಳಗೆ ನಮ್ಮಷ್ಟಕ್ಕೆ ನಾವು ಟೆಂಟ್ ಹೊಡೆಯೋ ಹಾಗಿಲ್ಲ. ಹಾಗಾಗಿ ಟೆಂಟ್ ಬೀಳೋದು ಏನಿದ್ರೂ ಕಾಡಂಚಿನ ಯಾರದೋ ಜಮೀನಿನಲ್ಲಿ. ಪಕ್ಕದ ಹೊಲದಲ್ಲಿ ರಾಗಿ, ಜೋಳ, ಬಾಳೆ ಇರುತ್ತೆ. ಅದನ್ನು ಕಾಯೋಕೆ ರಾತ್ರಿಯೆಲ್ಲಾ ಒಬ್ಬ ರೈತ ಅಟ್ಟಣೆ ಮೇಲೆ ಕೂತಿರ್ತಾನೆ. ಸೋಲಾರ್ ಬೇಲಿ, ಆನೆ ಕಂದಕ ಎಲ್ಲಾ ಇದ್ರೂ ಕಾವಲು ತಪ್ಪಿದ್ದಲ್ಲ.

ಅವನು ಕಾಯೋದು ಕಣ್ಣಿಂದಲ್ಲ ಸ್ವಾಮಿ, ಕಿವಿಯಿಂದ. ಕತ್ತಲಲ್ಲಿ ಟಾರ್ಚ್ ಎಷ್ಟು ದೂರ ಹೋಗುತ್ತೆ? ಆನೆ ಅಷ್ಟು ದೊಡ್ಡ ಪ್ರಾಣಿ ಆದ್ರೂ ಹೆಜ್ಜೆ ಸಪ್ಪಳ ಕೇಳೋದೇ ಇಲ್ಲ, ಪಾದ ಅಷ್ಟು ಮೆತ್ತಗೆ. ಕೇಳೋದು ಕೊಂಬೆ ಮುರಿದ ಲಟಕ್ ಸದ್ದು, ಬಾಳೆ ಸೀಳಿದ ಸದ್ದು, ಆಚೆ ಹೊಲದವನ ಕೂಗು, ನಾಯಿ ಬೊಗಳೋದು. ಪಂಪ್‌ಸೆಟ್‌ಗೆ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂತು ಅಂದ್ರೆ ಮೋಟಾರ್ ಹಾಕೋಕೆ ಆ ಕತ್ತಲಲ್ಲೇ ನಡೆದು ಹೋಗಬೇಕು. ಅವನ ಕಿವಿ ಪಕ್ಕ ನಾವು ಡರ್ರ್ ಅಂತ ಇಂಜಿನ್ ಇಟ್ಟರೆ ಅವನ ಬೆಳೆ ಮಾತ್ರ ಅಲ್ಲ, ಜೀವವೂ ಪಣಕ್ಕೆ ಬಿದ್ದ ಹಾಗೆ.

"ಸೈಲೆಂಟ್ ಮಾಡೆಲ್ ತಗೋತೀವಿ ಬಿಡೋ" ಅಂತೀರಾ? ಈಗ ಲೆಕ್ಕ. ನಮ್ಮಲ್ಲಿ 2003ರಿಂದ ಪೆಟ್ರೋಲ್ ಜನರೇಟರ್‌ಗಳಿಗೆ 86 ಡೆಸಿಬಲ್ ಮಿತಿ ಇದೆ. ಇದು ಯಂತ್ರ ಹೊರಹಾಕೋ ಒಟ್ಟು ಶಬ್ದಶಕ್ತಿಯ ಅಳತೆ. ಬ್ರೋಷರ್‌ನಲ್ಲಿರೋ ಐವತ್ತು ಚಿಲ್ಲರೆ ಡೆಸಿಬಲ್ ಸಾಮಾನ್ಯವಾಗಿ 7 ಮೀಟರ್ ದೂರದಲ್ಲಿ, ಅದೂ ಕಾಲು ಲೋಡ್‌ನಲ್ಲಿ ಅಳೆದದ್ದು. 86ರ ಯಂತ್ರವೇ ಬಯಲಿನಲ್ಲಿ 7 ಮೀಟರ್ ಆಚೆ ಸುಮಾರು 61 ಕೇಳುತ್ತೆ. ಅಂದ್ರೆ ಒಂದರಲ್ಲಿ 86, ಇನ್ನೊಂದರಲ್ಲಿ 61 ಅಂತ ನೋಡಿ ಮೋಸ ಹೋಗಬೇಡಿ, ಎರಡೂ ಒಂದೇ ಇರಬಹುದು. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತೆ: 14 ಮೀಟರ್‌ಗೆ 55, 28ಕ್ಕೆ 49, 56ಕ್ಕೆ 43. ಶಬ್ದಮಾಲಿನ್ಯ ನಿಯಮ (2000) ಊರಿನ ವಸತಿ ಪ್ರದೇಶಕ್ಕೆ ರಾತ್ರಿ ಇಟ್ಟಿರೋ ಮಿತಿಯೇ 45. ಬೆಂಗಳೂರಿನ ಬಡಾವಣೆಗೇ ಇಷ್ಟು ಅಂದಮೇಲೆ ಹಂಗಳದ ಹೊಲಕ್ಕೆ?

ಇನ್ನು ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧ ಬಂತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಲಾರಿ ನಿಲ್ಲಿಸಿ ಉಳಿಸಿಕೊಂಡ ಆ ರಾತ್ರಿಯ ಪಕ್ಕದಲ್ಲಿ ನಾವು ಮೊಬೈಲ್ ಚಾರ್ಜ್ ಮಾಡೋಕೆ ಇಂಜಿನ್ ಓಡಿಸೋದಾ?

ಅಷ್ಟಕ್ಕೂ ನಮಗೆ ಬೇಕಾಗಿರೋ ಕರೆಂಟ್ ಎಷ್ಟು? 5 ವ್ಯಾಟಿನ ನಾಲ್ಕು ಎಲ್‌ಇಡಿ, ಐದು ಗಂಟೆ: 100 ವ್ಯಾಟ್‌ಅವರ್. ಐದು ಮೊಬೈಲ್‌ಗೆ 75. ಒಂದು ಲ್ಯಾಪ್‌ಟಾಪ್ (ಅದೂ ಯಾಕೆ ಬೇಕೋ!) 60. ಕ್ಯಾಮೆರಾ ಬ್ಯಾಟರಿ ಎರಡು, 30. ಒಟ್ಟು 265. ಇನ್ವರ್ಟರ್ ನಷ್ಟ ಸೇರಿಸಿದ್ರೂ 315 ದಾಟಲ್ಲ. 12.8 ವೋಲ್ಟ್, 40 ಆಂಪಿಯರ್‌ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ 512 ಇರುತ್ತೆ. ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಗೊತ್ತೂ ಆಗಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ಕ್ಯಾನ್ ಇಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದು ನೆನಪಿದೆ ತಾನೆ? ಒಣಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ಇಡೋ ಮುಂಚೆ ಅದನ್ನು ನೆನೆಸಿಕೊಳ್ಳಿ.

"ಸದ್ದಿದ್ರೆ ಪ್ರಾಣಿ ಹತ್ರ ಬರಲ್ಲ, ಸೇಫ್" ಅನ್ನೋರೂ ಇದ್ದಾರೆ. ಪಟಾಕಿ, ತಮಟೆಗೇ ಒಗ್ಗಿಹೋಗಿರೋ ಆನೆ ನಿಮ್ಮ ಒಂದು ಕೆವಿಎಗೆ ಹೆದರುತ್ತಾ? ಅದು ಬರೋದು ನಿಮಗೆ ಕೇಳಲ್ಲ, ಅಷ್ಟೇ.

ಹಾಗಂತ ಜನರೇಟರ್ ಎಲ್ಲೂ ಬೇಡ ಅಂತಿಲ್ಲ. ಚಾಮರಾಜನಗರ ಪೇಟೆಯಲ್ಲಿ ಹಗಲು ಹೊತ್ತು ರಕ್ತದಾನ ಶಿಬಿರ, ಮದುವೆ ಮನೆ ಇದ್ದರೆ ಖಂಡಿತ ಬೇಕಾಗುತ್ತೆ. ಆಗ ಇನ್ವರ್ಟರ್ ಮಾದರಿ, ಫೋರ್ ಸ್ಟ್ರೋಕ್ ತಗೊಳ್ಳಿ. ಲೋಡ್ ಕಡಿಮೆ ಇದ್ದಾಗ ಅದರ ವೇಗವೂ ಇಳಿಯುತ್ತೆ, ಸದ್ದೂ ಇಳಿಯುತ್ತೆ. ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಿರಲಿ, ಸಣ್ಣ ಯಂತ್ರ ಪೂರ್ತಿ ಲೋಡ್‌ನಲ್ಲಿ ಜಾಸ್ತಿ ಕಿರುಚುತ್ತೆ. ಕೋಣೆ, ಟೆಂಟ್, ಕಿಟಕಿ ಹತ್ತಿರ ಮಾತ್ರ ಇಡಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳೋದಿಲ್ಲ.

ಆದ್ರೆ ಕಾಡಂಚಿಗೆ ಹೋಗೋದಾದ್ರೆ ಬ್ಯಾಟರಿ ತುಂಬಿಸಿಕೊಂಡು ಹೋಗಿ, ಖಾಲಿಯಾದ್ರೆ ಮಲಗಿ. ಜಮೀನಿನವರು ದುಡ್ಡು ತಗೊಂಡು ಹೂಂ ಅಂದಿರಬಹುದು, ಪಕ್ಕದ ಅಟ್ಟಣೆಯವನನ್ನು ಯಾರೂ ಕೇಳಿರಲ್ಲ.

ನೀವೇನಂತೀರಿ? ಆ ಕಡೆಯ ಬ್ಲಾಗಿಗರು ಯಾರಾದ್ರೂ ಇದ್ದರೆ, ರಾತ್ರಿ ಕಾವಲಿನ ಬಗ್ಗೆ ನನಗಿಂತ ಚೆನ್ನಾಗಿ ಬರೀತೀರಿ. ಬರೀರಿ, ಓದೋಕೆ ಕಾದಿರ್ತೀನಿ.