ಹೆಸರಿನಲ್ಲಿ ಒಂದಕ್ಷರ, ಬಸ್ಸಿನಲ್ಲಿ ಮೂರು ದಿನ

ಬಸವಕಲ್ಯಾಣದ ಬೆಳಗಿನ ಬಸ್ಸು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಸೇರುವ ಹೊತ್ತಿಗೆ ಒಳಗೆ ಕೂತವರನ್ನು ಒಮ್ಮೆ ನೋಡಿ. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ಅದರ ಗುಂಡಿ ಹಾಕುವುದು, ತೆಗೆಯುವುದು ಮಾಡುತ್ತ ಕೂತ ತಂದೆಯೊಬ್ಬ ಸಿಕ್ಕೇ ಸಿಗುತ್ತಾನೆ. ಮಗ್ಗುಲಲ್ಲಿ ಕೂತು ವಿಚಾರಿಸಿದರೆ ಉತ್ತರ ಬಹುತೇಕ ಒಂದೇ.

"ಹುಡುಗನ ಹೆಸರಿನ್ಯಾಗ ಒಂದ್ ಅಕ್ಷರ ತಪ್ಪಾಗ್ಯಾದ್ರಿ. ಆಧಾರದಾಗ ಒಂದು ಅದ, ಸಾಲ್ಯಾಗ ಒಂದು ಅದ. ಸ್ಕಾಲರ್‌ಶಿಪ್ ನಿಂತದ."

ಒಂದು ದಿನ ಶಾಲೆಗೆ, ಒಂದು ದಿನ ಕಚೇರಿಗೆ, "ಸಾಹೇಬರು ಮೀಟಿಂಗಿಗೆ ಹೋಗ್ಯಾರ" ಎಂಬ ಕಾರಣಕ್ಕೆ ಮತ್ತೊಂದು ದಿನ. ಮೂರು ದಿನದ ಕೂಲಿ ಹೋಯಿತು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ಸು ಪುಕ್ಕಟೆಯಾದ ಮೇಲೆ ಈ ಫೈಲು ಎಷ್ಟೋ ಮನೆಗಳಲ್ಲಿ ತಾಯಿಯ ಕೈಗೆ ಬಂದಿದೆ. ಟಿಕೆಟ್ ಖರ್ಚು ಉಳಿಯಿತು, ತಿರುಗಾಟ ಉಳಿಯಲಿಲ್ಲವೇ ಎಂದು ಕೇಳಿದರೆ ಆಕೆ ನಗುತ್ತಾಳೆ.

ತಪ್ಪು ಹುಟ್ಟುವುದು ಎಲ್ಲಿ? ಒಂದನೇ ಇಯತ್ತೆಯ ದಾಖಲಾತಿ ರಿಜಿಸ್ಟರಿನಲ್ಲಿ. ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ಮನೆಯಲ್ಲಿ ಒಂದು ಭಾಷೆ, ರಿಜಿಸ್ಟರಿನಲ್ಲಿ ಇನ್ನೊಂದು, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷು. ಶೇಖ್ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಮೂರ್ನಾಲ್ಕು ಬಗೆ ಬರೆಯುತ್ತಾರೆ. ನಮ್ಮ ಬಸವರಾಜನಿಗೆ ಒಬ್ಬ ಮಾಸ್ತರು ನಡುವೆ 'ವಿ' ಹಾಕಿದರೆ ಇನ್ನೊಬ್ಬರು 'ಡಬ್ಲ್ಯೂ' ಹಾಕುತ್ತಾರೆ. ಮರಾಠಿ ಪದ್ಧತಿಯವರು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಸಾಲಾಗಿ ಬರೆಸುತ್ತಾರೆ. ಬೇರೆಯವರದು ಇನಿಷಿಯಲ್‌ನಲ್ಲೇ ಮುಗಿಯುತ್ತದೆ. ಮನುಷ್ಯರ ಕಣ್ಣಿಗೆ ಇವರೆಲ್ಲ ಒಬ್ಬನೇ ಹುಡುಗ. ಕಂಪ್ಯೂಟರಿನ ಲೆಕ್ಕದಲ್ಲಿ ಇಬ್ಬರು. ವಿದ್ಯಾರ್ಥಿವೇತನ, ಬ್ಯಾಂಕ್ ಖಾತೆ, ಈಗ ಬಂದಿರುವ ಅಪಾರ್ ಐ.ಡಿ. ಎಲ್ಲವೂ ಆಧಾರಿನ ಹೆಸರಿಗೆ ತಾಳೆಯಾಗಬೇಕು. ಹುಡುಗ ಎಸ್.ಎಸ್.ಎಲ್.ಸಿ.ಗೆ ಬಂದಾಗ ಅದೇ ತಪ್ಪು ಅಂಕಪಟ್ಟಿಗೂ ಏರಿ ಕೂತುಬಿಟ್ಟರೆ ಕಾಗದ ತಾಲ್ಲೂಕು ದಾಟಿ ಮೇಲೆ ಹೋಗಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಅಕ್ಷರ ಬರೆದ ಮಾಸ್ತರು ಕೆಟ್ಟವರೇನಲ್ಲ. ಜೂನ್ ತಿಂಗಳ ಗದ್ದಲ, ಒಂದು ಕಡೆ ಪುಸ್ತಕ ಹಂಚಿಕೆ, ಮತ್ತೊಂದು ಕಡೆ ಮೊಬೈಲಿನಲ್ಲಿ ಬಂದ "ಅತೀ ಜರೂರು" ಸಂದೇಶ. ಅವರು ಬರೆದ ತಪ್ಪು ಬೆಳಕಿಗೆ ಬರುವುದು ಹತ್ತು ವರ್ಷದ ನಂತರ, ಬೇರೆ ಊರಿನ ಬೇರೆ ಶಾಲೆಯಲ್ಲಿ. ಅಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತದೆ, ಇಲ್ಲವೇ ಪೆನ್ಷನ್ ಆಗಿರುತ್ತದೆ. ತಾನು ತಪ್ಪಿದೆನೆಂಬ ಸುದ್ದಿಯೇ ಮುಟ್ಟದವನು ತಿದ್ದಿಕೊಳ್ಳುವುದು ಹ್ಯಾಗೆ ಸ್ವಾಮಿ?

ಅದೇ ಶಾಲೆಯ ಅಡುಗೆ ಕೋಣೆಗೆ ಬನ್ನಿ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಬೀದರ್ ಸೇರಿದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಊಟದ ಜೊತೆ ಮೊಟ್ಟೆ ಕೊಡುವುದೂ ಮೊದಲು ಈ ಭಾಗದಲ್ಲೇ ಆರಂಭವಾಗಿ, ಮರುವರ್ಷ ರಾಜ್ಯಕ್ಕೆಲ್ಲ ಹೋಯಿತು. ಅಡುಗೆಯ ಅಕ್ಕ ಬೆಳಿಗ್ಗೆ ಹಾಜರಿ ಕೇಳಿ, ಅಷ್ಟೇ ಅಕ್ಕಿ ಅಳೆದು ಹಾಕುತ್ತಾಳೆ. ಸಂತೆಯ ದಿನ ಮಕ್ಕಳು ಕಡಿಮೆ, ಕಬ್ಬು ಕಡಿಯುವ ಹಂಗಾಮಿನಲ್ಲಿ ಇನ್ನೂ ಕಡಿಮೆ ಎಂಬುದು ಆಕೆಗೆ ಬಾಯಿಪಾಠ. ಸಾರು ಉಪ್ಪಾದರೆ ಮಧ್ಯಾಹ್ನವೇ ನೂರು ಬಾಯಿ ಹೇಳುತ್ತವೆ. ನಾಳೆ ಉಪ್ಪು ಕಡಿಮೆ ಬೀಳುತ್ತದೆ. ಯಾವ ಸುತ್ತೋಲೆಯೂ ಬೇಕಿಲ್ಲ. ತಪ್ಪು ಮಾಡಿದ ಕೈಗೇ ಅದೇ ದಿನ ತಪ್ಪು ತಿರುಗಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಗಲ್ಲಾ ಎಣಿಸಿದಾಗ ಹತ್ತು ರೂಪಾಯಿ ಕಡಿಮೆ ಬಿದ್ದರೆ ಅಂದೇ ಕೀರ್ದಿ ತೆಗೆದು ಹುಡುಕುತ್ತೀರಿ. ಇಲಿ ಚೀಲ ಕಡಿದರೆ ಬೆಳಿಗ್ಗೆ ಚೀಲದ ಜಾಗ ಬದಲಾಗುತ್ತದೆ. ಜಪಾನಿನವರು ಇದಕ್ಕೇ 'ಕೈಜೆನ್' ಎಂದು ಹೆಸರಿಟ್ಟು ಜಗತ್ತಿಗೆ ಪಾಠ ಹೇಳಿದರು. ಟೊಯೋಟಾ ಕಾರ್ಖಾನೆಯ ಪದ್ಧತಿಯಲ್ಲಿ ಕೆಲಸಗಾರನಿಗೆ ದೋಷ ಕಂಡರೆ ಹಗ್ಗ ಎಳೆದು ಸಾಲನ್ನೇ ನಿಲ್ಲಿಸುವ ಅಧಿಕಾರವಿದೆ. ನಮ್ಮ ಶಿಕ್ಷಣ ಇಲಾಖೆಯಲ್ಲಿ ಮಾಸ್ತರರ ಕೈಯಲ್ಲಿ ಅಂಥ ಹಗ್ಗವಿಲ್ಲ. ಇರುವುದು ವಾಟ್ಸಪ್ ಗುಂಪು, ಅದರಲ್ಲೂ ಮಾತು ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ.

ಹಗ್ಗ ಕೊಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಯ ಮಾಸ್ತರುಗಳು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದು ತಾವೇ ಕಾರ್ಡುಗಳನ್ನು ಬರೆದರು. ತರಗತಿಯಲ್ಲಿ ನಡೆಯದ್ದನ್ನು ತಾವೇ ತಿದ್ದಿದರು. ಅದೇ 'ನಲಿ ಕಲಿ'. 2009-10ರಲ್ಲಿ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದರು. ಒಳ್ಳೆಯದೇ. ಆದರೆ ಈ ಅಂಕಣಕಾರನ ಅಭಿಪ್ರಾಯ ಕೇಳುವುದಾದರೆ, ನಮ್ಮ ಕಡೆ ಬಂದದ್ದು ಕಾರ್ಡಿನ ಪೆಟ್ಟಿಗೆ. ಕಾರ್ಡು ತಿದ್ದುವ ರೂಢಿ ಹೆಗ್ಗಡದೇವನಕೋಟೆಯಲ್ಲೇ ಉಳಿಯಿತು.

ರೂಢಿ ಬೆಳೆಯಲು ಜಾಗವಿಲ್ಲವೇ? ಇದೆ. ಹತ್ತಿರದ ಶಾಲೆಗಳನ್ನು ಸೇರಿಸಿ ಕ್ಲಸ್ಟರ್, ಅದಕ್ಕೊಬ್ಬ ಸಿ.ಆರ್.ಪಿ., ಅವರು ಕರೆಯುವ 'ಸಮಾಲೋಚನಾ ಸಭೆ'. ಮಾಸ್ತರು, ಅಕ್ಕೋರು ಕೂತು "ನಮ್ಮಲ್ಲಿ ಹೀಗೆ ತೊಡಕಾಯಿತು, ನೀವು ಹ್ಯಾಗೆ ಮಾಡಿದ್ರಿ" ಎಂದು ಕೇಳಿಕೊಳ್ಳಲೆಂದೇ ಮಾಡಿದ ಏರ್ಪಾಡು. ಕಸುಬಿನವರೆಲ್ಲ ಕೂತು ಪ್ರಶ್ನೆ ಕೇಳಿದ ಅನುಭವ ಮಂಟಪದ ಊರಿನವರು ನಾವು, ನಮಗಿದು ಹೊಸದಲ್ಲ. ಆದರೆ ಸಭೆಯಿಂದ ಬಂದ ಮಾಸ್ತರರನ್ನು ಬಸ್ಸಿನಲ್ಲಿ ಕೇಳಿ ನೋಡಿ. "ಸಮಾಲೋಚನೆ ಎಲ್ಲಿದ್ರಿ, ಮಾಹಿತಿ ಕೊಟ್ಟು ಮಾಹಿತಿ ತಗೊಂಡು ಬಂದ್ವಿ" ಎನ್ನುತ್ತಾರೆ. ಸ್ಯಾಟ್ಸ್ ಎಷ್ಟಾಯಿತು, ಯು-ಡೈಸ್ ಎಷ್ಟಾಯಿತು, ಯಾರ ಶಾಲೆ ಕೆಂಪು ಪಟ್ಟಿಯಲ್ಲಿದೆ. ಅಲ್ಲಿಗೆ ಊಟದ ಹೊತ್ತು.

ಅಂಕಿಗೆ ಜೋತುಬಿದ್ದರೆ ಏನಾಗುತ್ತದೆಂಬುದನ್ನು ಎಸ್.ಎಸ್.ಎಲ್.ಸಿ. ಫಲಿತಾಂಶವೇ ತೋರಿಸಿದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಕೂಡಿಸಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ 73.40ಕ್ಕೆ ಇಳಿಯಿತು. ನಮ್ಮ ಕಲ್ಯಾಣ ಕರ್ನಾಟಕದ ಯಾದಗಿರಿ 50.59ರೊಂದಿಗೆ ಕೊನೆಗೆ ನಿಂತಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಇಲ್ಲ. ಹಿಂದಿನ ಅಂಕಿಯಲ್ಲೇ ಗಾಳಿ ತುಂಬಿತ್ತು. ಮೇಲಿನವರಿಗೆ ಅಂಕಿ ಚೆನ್ನಾಗಿ ಕಂಡರೆ ಸಾಕು ಎಂದಾದಾಗ, ಕೆಳಗಿನವರು ಅಂಕಿಯನ್ನೇ ರಿಪೇರಿ ಮಾಡುತ್ತಾರೆ.

ಇನ್ನೊಂದು ತಕರಾರು ಬಂದೇ ಬರುತ್ತದೆ: "ಮೊದಲು ಖಾಲಿ ಹುದ್ದೆ ತುಂಬ್ರಿ, ಆಮೇಲೆ ಸುಧಾರಣೆ ಮಾತಾಡ್ರಿ." ಮಾತು ಖರೆ. 371(ಜೆ) ಬಂದು ಹನ್ನೆರಡು ವರ್ಷ ದಾಟಿದರೂ ಅತಿಥಿ ಶಿಕ್ಷಕರಿಲ್ಲದೆ ಈ ಭಾಗದ ಶಾಲೆ ನಡೆಯುವುದಿಲ್ಲ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮಾಸ್ತರುಗಳನ್ನೇ ಕಳಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದದ್ದೂ ಎಲ್ಲರಿಗೂ ಗೊತ್ತು. ಹೊಸ ಹುದ್ದೆ ತಾಲ್ಲೂಕಿನ ಕೈಯಲ್ಲಿಲ್ಲ. ಒಂದು ನೂರು ಪುಟದ ರಿಜಿಸ್ಟರ್ ತಾಲ್ಲೂಕಿನ ಕೈಯಲ್ಲಿದೆ.

ಎರಡೂ ಕಡೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ಹೀಗೊಂದು ಮಾಡಿ ನೋಡಲಿ. ಹೆಸರು ತಿದ್ದುಪಡಿಗೆ ಬಂದ ಪ್ರತಿಯೊಂದು ಅರ್ಜಿಯನ್ನೂ ಆ ರಿಜಿಸ್ಟರಿನಲ್ಲಿ ಬರೆಯುವುದು: ತಪ್ಪು ಯಾವ ಶಾಲೆಯಲ್ಲಿ ಹುಟ್ಟಿತು, ಯಾವ ಅಕ್ಷರ, ಏಕೆ. ತಿಂಗಳ ಕೊನೆಗೆ ಆ ಪಟ್ಟಿ ಸಮಾಲೋಚನಾ ಸಭೆಗೆ ಹೋಗಲಿ. ಯಾರಿಗೂ ನೋಟೀಸು ಬೇಡ. ನೋಟೀಸು ಕೊಟ್ಟ ಮರುದಿನದಿಂದ ತಪ್ಪುಗಳು ಮಾಯವಾಗುತ್ತವೆ, ಕಾಗದದಲ್ಲಿ ಮಾತ್ರ! ಅದರ ಬದಲು, ದಾಖಲಾತಿ ದಿನ ಇಂಗ್ಲಿಷ್ ಹೆಸರನ್ನು ಆಧಾರ ಕಾರ್ಡು ಎದುರಿಗಿಟ್ಟುಕೊಂಡು ಒಂದೊಂದು ಅಕ್ಷರವಾಗಿ ಓದಿ ಹೇಳಿ, ಪಾಲಕರ ಸಹಿ ತೆಗೆದುಕೊಂಡ ಶಾಲೆ ಒಂದಿದ್ದರೆ, ಆ ಶಾಲೆಯ ಅಕ್ಕೋರನ್ನು ಎಬ್ಬಿಸಿ ಹತ್ತು ನಿಮಿಷ ಮಾತಾಡಿಸಲಿ. ಮುಂದಿನ ವರ್ಷ ಪಟ್ಟಿ ಉದ್ದವಾಯಿತೋ ಗಿಡ್ಡವಾಯಿತೋ ನೋಡೋಣ. ಎಸ್.ಡಿ.ಎಂ.ಸಿ. ಸದಸ್ಯರೂ 2001ರಿಂದ ಇದ್ದೇ ಇದ್ದಾರೆ. ಬಾವುಟ ಹಾರಿಸುವ ದಿನ ಕುರ್ಚಿಯಲ್ಲಿ ಕೂಡುವುದರ ಜೊತೆಗೆ ದಾಖಲಾತಿ ದಿನವೂ ಒಂದು ತಾಸು ಬಂದು ಕೂಡಬಹುದು.

ಪಾಲಕರಿಗೆ ಒಂದು ಸೂಚನೆ. ಮಗುವಿನ ಹೆಸರು ಹಚ್ಚಲು ಹೋಗುವಾಗ ಆಧಾರ ಕಾರ್ಡು, ಜನನ ಪ್ರಮಾಣಪತ್ರ ಎರಡನ್ನೂ ಒಯ್ಯಿರಿ. ಅವೆರಡರಲ್ಲೇ ಬೇರೆ ಬೇರೆ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿರಿ. ಓದು ಬಾರದವರು ಓಣಿಯ ಕಾಲೇಜು ಹುಡುಗನನ್ನು ಕರೆದುಕೊಂಡು ಹೋಗಿರಿ. ಕಂಪ್ಯೂಟರಿನಲ್ಲಿ ಹೆಸರು ಕೂಡಿಸಿದ ಮೇಲೆ "ಸರ್, ಒಂದ್ಸಲ ತೋರಿಸ್ರಿ" ಎಂದು ಕೇಳಿ, ನೋಡಿ, ಆಮೇಲೆ ಮನೆಗೆ ಬನ್ನಿರಿ.